ತೆರೆಯ ಹಿಂದಿನ ರಕ್ಕಸ

ಬಾಹ್ಯಾಕಾಶ ನೌಕೆಯೊಳಗೆ ಬೇರೆ ಗ್ರಹದ ಪ್ರಾಣಿ ನುಗ್ಗಿ ಒಬ್ಬೊಬ್ಬರನ್ನೇ ಮುಗಿಸುವ ಕಿರುಚಿತ್ರ ನಮ್ಮದು. ಕೈಯಲ್ಲಿ ದುಡ್ಡಿರಲಿಲ್ಲ. ಇದ್ದದ್ದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಗೆಳೆಯನ ಮಾವನ ಖಾಲಿ ಗೋದಾಮು, ಅದೂ ಒಂದು ಭಾನುವಾರದ ಮಟ್ಟಿಗೆ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು. ಈ ಜಾತಿಯ ಸಿನಿಮಾಕ್ಕೆ ಇನ್ನೆಂಥ ಜಾಗ ಬೇಕು? ಓಡಿಹೋಗಲು ದಾರಿಯಿಲ್ಲ ಅನ್ನುವುದರಲ್ಲೇ ಅರ್ಧ ಹೆದರಿಕೆ ಇದೆ.

ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿ ಬೆಳ್ಳಿ ಬಣ್ಣ ಹೊಡೆದೆವು. 1981ರ ‘ಗ್ಯಾಲಕ್ಸಿ ಆಫ್ ಟೆರರ್’ಗೆ ಸೆಟ್ ಹಾಕಿದ ಜೇಮ್ಸ್ ಕ್ಯಾಮರೂನ್ ನೌಕೆಯ ಗೋಡೆಗೆ ಬರ್ಗರ್ ಕಟ್ಟಿಕೊಡುವ ಥರ್ಮೋಕೋಲ್ ಡಬ್ಬಿಗಳನ್ನೇ ಬಳಸಿದ್ದರು. 1974ರ ‘ಡಾರ್ಕ್ ಸ್ಟಾರ್’ನಲ್ಲಂತೂ ಅನ್ಯಗ್ರಹದ ಪ್ರಾಣಿ ಅಂದರೆ ಬಣ್ಣ ಬಳಿದ ಬೀಚ್ ಬಾಲ್! ಹಾಗಾಗಿ ಮೊಟ್ಟೆ ಟ್ರೇ ನೋಡಿ ಯಾರಾದರೂ ನಕ್ಕರೆ ನನಗೆ ಬೇಜಾರಿಲ್ಲ.

ರಕ್ಕಸನಾಗಲು ಒಪ್ಪಿದವರು ಠಾಣೆಯ ಹೋಟೆಲೊಂದರ ಮ್ಯಾನೇಜರ್ ಶೆಟ್ರು. ಊರು ಕಾರ್ಕಳದ ಕಡೆ. ಮುಂಬಯಿಯ ಯಕ್ಷಗಾನಗಳಲ್ಲಿ ಬಣ್ಣದ ವೇಷ, ಅಂದರೆ ರಕ್ಕಸನ ಪಾತ್ರ, ಮಾಡುತ್ತಾರೆ. ಆರಡಿ ಮೀರಿದ ಆಳು. ಸೋಫಾ ಸ್ಪಂಜು ಕತ್ತರಿಸಿ ಮಾಡಿದ ಮುಖವಾಡ ಹಾಕಿದರೆ ಅವರ ಗದ್ದ ಅದರ ಬಾಯಿಂದ ಹೊರಗೆ ಬಂತು. 1958ರ ‘ಇಟ್! ದ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್’ನಲ್ಲಿ ಪ್ರಾಣಿಯ ವೇಷ ಹಾಕಿದ್ದ ರೇ ಕೊರಿಗನ್‌ಗೂ ಹೀಗೇ ಆಗಿ, ಗದ್ದಕ್ಕೆ ನಾಲಿಗೆಯ ಹಾಗೆ ಬಣ್ಣ ಬಳಿದಿದ್ದರು. ಅದನ್ನು ಹೇಳಿದ್ದೇ ತಡ, ಶೆಟ್ರು ತಮ್ಮ ಪೆಟ್ಟಿಗೆ ತೆಗೆದು ವೇಷದ ಕೆಂಪು ಬಣ್ಣದ ಪುಡಿ ಇಂಗಳೀಕ ಕಲಸಿದರು. ಕೆಂಪು ನಾಲಿಗೆ ತಯಾರಾಯಿತು.

ಆದರೆ ಕ್ಯಾಮೆರಾ ಮುಂದೆ ಸೀದಾ ಬರಲು ಅವರು ಸುತರಾಂ ಒಪ್ಪಲಿಲ್ಲ.

“ಸುಮ್ನೆ ಬಂದು ನಿಂತ್ರೆ ಯಾರು ಹೆದರ್ತಾರೆ ಮಾರಾಯಾ? ತೆರೆ ಇಲ್ಲದೆ ರಕ್ಕಸ ಉಂಟಾ?”

ಬಣ್ಣದ ವೇಷ ನೋಡಿದವರಿಗೆ ಗೊತ್ತು. ಇಬ್ಬರು ತೆರೆ ಹಿಡಿದಿರುತ್ತಾರೆ. ಮೊದಲು ಕಿರೀಟದ ತುದಿ, ಆಮೇಲೆ ಬೆರಳು. ಆರ್ಭಟ ಕೇಳುತ್ತದೆ, ಮುಖ ಕಾಣುವುದಿಲ್ಲ. ಮುಂದೆ ಕೂತ ಮಕ್ಕಳು ಅಷ್ಟರಲ್ಲೇ ಅಮ್ಮನ ಸೆರಗು ಹಿಡಿದಿರುತ್ತಾರೆ.

ಗೋದಾಮಿನ ಕೊನೆಯಲ್ಲಿ ನೀಲಿ ತಾಡಪಾಲು ತೂಗುಹಾಕಿದೆವು. ಲೈಟು ಆರಿಸಿ ಒಂದು ಟಾರ್ಚ್ ಮಾತ್ರ ಉಳಿಸಿದೆವು. ತಾಡಪಾಲಿನ ಮೇಲಂಚಿಗೆ ಒಂದು ಬೆರಳು ಬಂತು. ಸ್ವಲ್ಪ ತಡೆದು ಇನ್ನೊಂದು. ಉಗುರಿಗೆ ಅಂಟಿಸಿದ್ದ ಎಕ್ಸ್‌ರೇ ಹಾಳೆಯ ಚೂರುಗಳು ಪ್ಲಾಸ್ಟಿಕ್ ಮೇಲೆ ಕರಕರ ಎಂದು ಕೆಳಗಿಳಿದವು. ಇಂಜಿನಿಯರ್ ಪಾತ್ರದ ಹುಡುಗಿ ಸ್ಕ್ರಿಪ್ಟಿನಲ್ಲಿದ್ದ ಮಾತು ಬಿಟ್ಟು ‘ಅಯ್ಯಮ್ಮಾ’ ಎಂದು ಹಿಂದೆ ಸರಿದಳು. ಆ ಶಾಟ್ ಹಾಗೇ ಇಟ್ಟುಕೊಂಡೆವು.

1979ರ ‘ಏಲಿಯನ್’ ಮಾಡಿದ್ದೂ ಇದನ್ನೇ ಅಲ್ವಾ? ನೈಜೀರಿಯಾದ ಬೊಲಾಜಿ ಬಡೇಜೊ, ಏಳಡಿ ಹತ್ತಿರದ ಮನುಷ್ಯ, ವೇಷದೊಳಗಿದ್ದರೂ ಪೂರ್ತಿ ಮೈ ಕಾಣುವುದು ಬಹಳ ಕಡಿಮೆ. ಕತ್ತಲು, ಜೊಲ್ಲು, ಹಲ್ಲು. ದುಡ್ಡು ಜಾಸ್ತಿಯಾದಾಗ ಎಲ್ಲವನ್ನೂ ತೋರಿಸುವ ಚಪಲ ಬರುತ್ತದೆ, ಹೆದರಿಕೆ ಅಲ್ಲೇ ಸಾಯುತ್ತದೆ.

ಸಂಜೆ ಶೆಟ್ರ ಪೂರ್ತಿ ರೂಪದ ಒಂದು ಶಾಟ್ ಕೂಡ ತೆಗೆದಿದ್ದೆವು. ಸೆಕೆಯಲ್ಲಿ ಬೆವರು ಸುರಿಸಿಕೊಂಡು ಚೆನ್ನಾಗಿ ಕುಣಿದಿದ್ದರು. ಎಡಿಟಿಂಗ್‌ನಲ್ಲಿ ಅದು ಬೇಡ ಎಂದು ನಾನು ಹಟ ಹಿಡಿದೆ. ಅಷ್ಟು ಕಷ್ಟಪಟ್ಟಿದ್ದಾರೆ, ಕತ್ತರಿಸುವುದು ಹೇಗೆ ಎಂದರು ಗೆಳೆಯರು. ಕೊನೆಗೆ ಅವರಿಗೇ ಫೋನ್ ಮಾಡಿದೆವು.

“ಬೆರಳು ಉಂಟಲ್ಲ, ಸಾಕು. ಆರ್ಭಟ ಮಾತ್ರ ತೆಗೀಬೇಡಿ” ಎಂದರು.

ತೆಗೆಯಲಿಲ್ಲ. ಪರದೆ ಪೂರ್ತಿ ಕಪ್ಪಾದ ಮೇಲೆ ಆ ಆರ್ಭಟವನ್ನು ಇಡಿಯಾಗಿ ಹಾಕಿದ್ದೇವೆ.