ಟಿವಿ ಯಾವ ಕೋಣೆಯಲ್ಲಿದೆ?

ಸಿಆರ್‌ಪಿಯಾಗಿ (ಸುತ್ತಲಿನ ಶಾಲೆಗಳಿಗೆ ಭೇಟಿ ನೀಡಿ ಶಿಕ್ಷಕರಿಗೆ ನೆರವಾಗುವ ಸಮೂಹ ಸಂಪನ್ಮೂಲ ವ್ಯಕ್ತಿಯಾಗಿ) ಶಾಲೆಗಳಿಗೆ ಹೋದಾಗ ನಾನು ಮೊದಲು ಗಮನಿಸುವುದು ಅಲ್ಲಿ ಟಿವಿ ಇದೆಯೇ ಎಂಬುದನ್ನಲ್ಲ, ಅದು ಯಾವ ಕೋಣೆಯಲ್ಲಿದೆ ಎಂಬುದನ್ನು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಭಾಗದ ತಾಂಡಾವೊಂದರ ಕಿರಿಯ ಪ್ರಾಥಮಿಕ ಶಾಲೆಗೆ ಕಳೆದ ನವೆಂಬರಿನ ಒಂದು ಶನಿವಾರ ಭೇಟಿ ನೀಡಿದಾಗ, ಮುಖ್ಯಗುರುಗಳ ಕೋಣೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕುಳಿತಿರುತ್ತಿದ್ದ ಟಿವಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಒಟ್ಟಿಗೆ ಕಲಿಯುವ ನಲಿ-ಕಲಿ ಕೋಣೆಯ ಗೋಡೆಗೆ ಬಂದಿತ್ತು. "ನಮ್ಮ ಕೋಣ್ಯಾಗ ಇಟ್ಕೊಂಡ್ರ ಮಕ್ಕಳಿಗೇನು ಬಂತ್ರಿ ಸರ್," ಎಂದರು ಹೊಸದಾಗಿ ಬಂದಿದ್ದ ಮುಖ್ಯ ಗುರುಮಾತೆ.

ನಾನಿದ್ದಾಗಲೇ ಕರೆಂಟು ಹೋಯಿತು, ಆದರೆ ಪಾಠ ನಿಲ್ಲಲಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸಿಗುವ ಪಾಠಗಳನ್ನು ಅವರು ಹಿಂದಿನ ರಾತ್ರಿಯೇ ಮೊಬೈಲಿಗೆ ಇಳಿಸಿಕೊಂಡಿದ್ದರು. 2017ರಲ್ಲಿ ಆರಂಭವಾದ ದೀಕ್ಷಾದ ಈ ಸೌಲಭ್ಯವನ್ನು ನೆಟ್‌ವರ್ಕ್ ಇಲ್ಲದ ಊರಿನಲ್ಲೂ ಬಳಸಬಹುದೆಂಬುದು ಹಲವು ತರಬೇತಿಗಳಲ್ಲಿ ಹೇಳಿದ ಮಾತೇ. ಮಾಡಿ ತೋರಿಸಿದವರನ್ನು ನಾನು ಕಂಡದ್ದು ಅಪರೂಪ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಕ್ಕಿಂತ ಸರಳವಾದ ಕೆಲಸ. ಪ್ರತಿ ಮಗು ಒಂದು ಸಣ್ಣ ಕಥಾಭಾಗ ಓದುವುದನ್ನು ಅವರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಧ್ವನಿಮುದ್ರಿಸುತ್ತಿದ್ದರು. ಮನೆಯಲ್ಲಿ ಲಂಬಾಣಿ ಮಾತನಾಡುವ ಮೂರನೇ ತರಗತಿಯ ಹುಡುಗಿಯೊಬ್ಬಳು ಜುಲೈನಲ್ಲಿ ಒಂದೊಂದೇ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು. ನವೆಂಬರಿನ ಧ್ವನಿಮುದ್ರಣದಲ್ಲಿ ಅವಳು ಇಡೀ ವಾಕ್ಯವನ್ನು ಓದಿ, ಕಥೆಯ ಆಡು ಎಲ್ಲಿ ಅಡಗಿತ್ತೆಂದು ಕೇಳಿದ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿದ್ದಳು. ಮೂರನೇ ತರಗತಿ ಮುಗಿಸುವ ಮಗು ಅರ್ಥ ತಿಳಿದು ಓದಬೇಕೆಂದು ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಹಾಕಿದ ಗುರಿಯನ್ನು ಸುತ್ತೋಲೆಗಳಲ್ಲಿ ಓದಿದ್ದ ನನಗೆ, ಅದು ಕಿವಿಗೆ ಕೇಳಿಸಿದ್ದು ಆ ದಿನ. ಕಟ್ಟಡ ಕೆಲಸಕ್ಕೆಂದು ಪುಣೆಗೆ ಹೋಗಿದ್ದ ತಂದೆಗೆ ಎರಡೂ ಮುದ್ರಣಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೇಲೆ, ದೀಪಾವಳಿಗೆ ಬಂದಾಗ ಮಗಳನ್ನೂ ಕರೆದೊಯ್ಯಬೇಕೆಂದಿದ್ದ ಅವರು ಪರೀಕ್ಷೆ ಮುಗಿಯುವವರೆಗೆ ಅವಳನ್ನು ಅಜ್ಜಿಯ ಬಳಿಯೇ ಬಿಡಲು ಒಪ್ಪಿದ್ದರು.

ಮಕ್ಕಳು ಮನೆಗೆ ಹೋದ ಬಳಿಕ ಶಿಕ್ಷಕರೆಲ್ಲ ಕುಳಿತು ಮುದ್ರಣಗಳನ್ನು ಆಲಿಸಿದರು. ಯಾವ ಮಗುವಿಗೆ ಸೋಮವಾರ ಏನು ಕಲಿಸಬೇಕೆಂದು ಬರೆದುಕೊಂಡರು. ಇದಕ್ಕೆ ಬಿಡುವು ದೊರೆತದ್ದು ಸ್ಯಾಟ್ಸ್ (ಮಕ್ಕಳ ದಾಖಲಾತಿ, ಕಲಿಕೆಯ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆ) ದಾಖಲೆ, ಬಿಸಿಯೂಟದ ಲೆಕ್ಕಗಳನ್ನು ಮುಖ್ಯ ಗುರುಮಾತೆ ತಾವೇ ವಹಿಸಿಕೊಂಡದ್ದರಿಂದ. ಸಾಧನ ತರಿಸುವುದಕ್ಕಿಂತ ಶಿಕ್ಷಕರಿಗೆ ಈ ಒಂದು ಗಂಟೆಯನ್ನು ಉಳಿಸಿಕೊಡುವುದೇ ಶಾಲಾ ಮುಖ್ಯಸ್ಥರ ಹೆಚ್ಚಿನ ಕೆಲಸವೆಂದು ನಾನು ದೃಢವಾಗಿ ನಂಬುತ್ತೇನೆ.

ಮುಂದಿನ ಸಮಾಲೋಚನಾ ಸಭೆಯಲ್ಲಿ ಈ ಕ್ರಮವನ್ನು ಉಳಿದ ಮುಖ್ಯಗುರುಗಳಿಗೆ ತೋರಿಸಬೇಕೆಂದು ಮುಖ್ಯ ಗುರುಮಾತೆಯನ್ನು ಕೋರಿದೆ. ಅವರು ಒಪ್ಪಿದರು, ಆದರೆ ಮಕ್ಕಳ ಧ್ವನಿ ತಂದೆತಾಯಿಯ ಹೊರತು ಬೇರೆಯವರ ಮೊಬೈಲಿಗೆ ಹೋಗಬಾರದೆಂದು ಹೇಳಿ, ಸಭೆಗೆ ಶಿಕ್ಷಕರ ಟಿಪ್ಪಣಿ ಪುಸ್ತಕವನ್ನಷ್ಟೇ ತರುವುದಾಗಿ ತಿಳಿಸಿದರು.