ಕಾಕಾನ ಪುಡಿ ಮತ್ತು ಶೇಕಡಾ ಲೆಕ್ಕ

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆಂದು ಬೆಳಗಾವಿಯಿಂದ ವಿಜಯಪುರಕ್ಕೆ ಹೋದವನು ಕಾಕಾನ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದೆ. ಎರಡು ಹೊತ್ತು ಬೆಲ್ಲದ ಸಿಹಿ ಮಾದಲಿ ಉಂಡ ಮರುದಿನ ಕಾಕಾ ರಕ್ತ ಪರೀಕ್ಷೆ ಮಾಡಿಸಿದಾಗ ಊಟದ ನಂತರದ ಸಕ್ಕರೆ 262 ಬಂತು. ಗಾಬರಿಯಾಗಿ, ಪರಿಚಯದವರು ಕೊಟ್ಟ ಬೇರಿನ ಪುಡಿಯನ್ನು ಅಂದೇ ಶುರುಮಾಡಿದರು. ಹದಿನೈದು ದಿನಗಳ ಮೇಲೆ 198. "ಪುಡಿಲೇ ಇಳದೈತಿ ನೋಡಪಾ" ಎಂದು ಫೋನಿನಲ್ಲಿ ಹಿಗ್ಗಿದರು. ಪುಡಿಯ ಜೊತೆ ಬಂದ ಕರಪತ್ರದಲ್ಲಿಯೂ ಇಂತಹದೇ 'ಮೊದಲು, ನಂತರ' ಎಂಬ ಪಟ್ಟಿಯಿತ್ತು.

ಹಬ್ಬ ಮುಗಿದ ಮೇಲೆ ಕಾಕು ಮತ್ತೆ ಜೋಳದ ರೊಟ್ಟಿಗೆ ಮರಳಿದ್ದು, ವೈದ್ಯರು ಕೊಟ್ಟ ಗುಳಿಗೆಯನ್ನು ಕಾಕಾ ಒಂದು ದಿನವೂ ತಪ್ಪಿಸದೆ ನುಂಗಿದ್ದು ಆ ಲೆಕ್ಕದಲ್ಲಿ ಬರಲಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಮಾತು ಇನ್ನೊಂದಿದೆ. ಅಳತೆ ಎಂದಿಗಿಂತ ಮೇಲೆ ಹೋದ ದಿನವೇ ನಾವು ಔಷಧ ಹಿಡಿಯುವುದರಿಂದ, ಏನೂ ಮಾಡದಿದ್ದರೂ ಮುಂದಿನ ಅಳತೆ ಬಹುಮಟ್ಟಿಗೆ ಕೆಳಗೇ ಬರುತ್ತದೆ. ಸರಾಸರಿಯತ್ತ ಮರಳುವ ಈ ಗುಣವನ್ನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿಯೇ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ತೋರಿಸಿದ್ದರು. ಪುಡಿ ತಿನ್ನದ ಇನ್ನೊಂದು ಗುಂಪು ಪಕ್ಕದಲ್ಲಿಲ್ಲದಿದ್ದರೆ ಇಳಿಕೆ ಯಾರ ಪಾಲಿನದೆಂದು ಹೇಳಲಾಗದು.

ಆ ಇನ್ನೊಂದು ಗುಂಪನ್ನು ಸರಿಯಾಗಿ ಇಟ್ಟುಕೊಂಡ ಅಧ್ಯಯನವೊಂದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದಿದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಹೆರಿಗೆ ಮಾಡಿಸುವ ದಾದಿಯರಾದ ಎಎನ್‌ಎಂ ಸಿಸ್ಟರ್‌ಗಳು 1,620 ತಾಯಂದಿರಿಗೆ ಗುಳಿಗೆ ಕೊಟ್ಟರು. ಅವುಗಳಲ್ಲಿ ಅರ್ಧದಷ್ಟು ಮಿಸೊಪ್ರೊಸ್ಟಾಲ್, ಉಳಿದವು ಔಷಧವಿಲ್ಲದ ಹುಸಿಗುಳಿಗೆ. ಯಾವುದು ಯಾರಿಗೆ ಎಂಬುದು ಕೊಡುವವರಿಗೂ ತಿಳಿದಿರಲಿಲ್ಲ. 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹುಸಿಗುಳಿಗೆಯ ಗುಂಪಿನಲ್ಲಿ ಶೇ. 12 ಇದ್ದ ರಕ್ತಸ್ರಾವ ಮಿಸೊಪ್ರೊಸ್ಟಾಲ್ ಗುಂಪಿನಲ್ಲಿ ಶೇ. 6.4 ಇತ್ತು, ಅಂದರೆ 18 ತಾಯಂದಿರಿಗೆ ಕೊಟ್ಟರೆ ಒಬ್ಬರಿಗೆ ತಪ್ಪುತ್ತದೆ. ತೀವ್ರ ರಕ್ತಸ್ರಾವ ಹಾಗೆಯೇ ಶೇ. 1.2 ಇದ್ದದ್ದು 0.2 ಆಗಿತ್ತು. ಜಾಹೀರಾತು ಬರೆಯುವವನ ಕೈಗೆ ಸಿಕ್ಕಿದ್ದರೆ ಇದು 'ಶೇ. 80ಕ್ಕೂ ಹೆಚ್ಚು ಇಳಿಕೆ' ಆಗುತ್ತಿತ್ತು. ಅದು ಸುಳ್ಳೇನಲ್ಲ, ಆದರೆ ನೂರು ತಾಯಂದಿರಲ್ಲಿ ಒಬ್ಬರ ಲೆಕ್ಕ ಎಂಬುದು ಮಾತ್ರ ಮಾಯವಾಗುತ್ತದೆ. ಆ ಒಬ್ಬರ ಜೀವ ದೊಡ್ಡದೇ. ಹಾಗಿರುವಾಗ ಅಂಕಿಯನ್ನು ಉಬ್ಬಿಸುವ ಅಗತ್ಯವಾದರೂ ಏನು?

ಅಂಕಿಯನ್ನು ಉಬ್ಬಿಸದೆಯೂ ಜನರನ್ನು ನಂಬಿಸುವ ಇನ್ನೊಂದು ದಾರಿ, ಸಿಕ್ಕಿದ್ದನ್ನೆಲ್ಲ ಅಳೆಯುವುದು. 2015ರಲ್ಲಿ ಪತ್ರಕರ್ತ ಜಾನ್ ಬೊಹಾನನ್, ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆಂಬ ಲೇಖನವನ್ನು ಬೇಕೆಂದೇ ಪ್ರಕಟಿಸಿ ಪತ್ರಿಕೆಗಳನ್ನು ಬೇಸ್ತು ಬೀಳಿಸಿದರು. ಅವರ ಅಧ್ಯಯನದಲ್ಲಿ ಇದ್ದವರು 15 ಜನ, ಅಳೆದದ್ದು ತೂಕ, ಕೊಲೆಸ್ಟ್ರಾಲ್, ನಿದ್ದೆ ಮುಂತಾಗಿ 18 ಸಂಗತಿ. ಪ್ರತಿಯೊಂದರಲ್ಲಿ ಆಕಸ್ಮಿಕವಾಗಿಯೇ ವ್ಯತ್ಯಾಸ ಕಾಣುವ ಸಂಭವ ಶೇ. 5 ಎಂದಿಟ್ಟುಕೊಂಡರೆ, 18ರಲ್ಲಿ ಒಂದಾದರೂ ಸುಮ್ಮನೆ 'ಗೆಲ್ಲುವ' ಸಂಭವ ಸುಮಾರು ಶೇ. 60.

ಇದನ್ನೆಲ್ಲ ಕಾಕಾನಿಗೆ ಹೇಳಿ, ವಾರಕ್ಕೊಮ್ಮೆ ಅದೇ ಊಟ, ಅದೇ ಹೊತ್ತಿಗೆ ಅಳೆದು ಬರೆದಿಡಿ ಎಂದೆ. ಈಗ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರದ ಕೆಳಗೆ ಪೆನ್ಸಿಲಿನ ಅಂಕಿಯಿದೆ. ಪುಡಿಯ ಡಬ್ಬಿ ದೇವರ ಜಗಲಿಯ ಮೇಲೆ ಇನ್ನೂ ಇದೆ.