ಅಳಿಯಂದಿರ ಬಲತೋಳು

ಮಂಗಳವಾರವೇ ಗೊತ್ತಿತ್ತಂತೆ. ನಮ್ಮತ್ತೆ ಹಾಗಂದಾಗಿನಿಂದ ಈ ವಾರವೆಲ್ಲ ತಲೆಯಲ್ಲಿ ಅದೊಂದೇ ಕುಟ್ಟುತ್ತಿದೆ.

ಹ್ಯಾಲೋವೀನಿಗೆ ನಮ್ಮ ಆಫೀಸಿನಲ್ಲಿ ಎಲ್ಲರೂ ವೇಷ ಹಾಕಬೇಕು. ಪ್ರತಿ ವರ್ಷ ಪಂಚೆ ಉಟ್ಟು, ಶಲ್ಯ ಹೊದ್ದು, ‘ನಾನು ನಮ್ಮ ತಾತ’ ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಐವತ್ತು ತುಂಬಿದ ಈ ವರ್ಷ ಯಾಕೋ ಹಟ ಬಂತು. ಸ್ಟಾರ್ ಟ್ರೆಕ್ ಅನ್ನುವ ಟಿವಿ ಧಾರಾವಾಹಿಯಲ್ಲಿ ಅಂತರಿಕ್ಷ ಹಡಗು ನಡೆಸುವ ಕ್ಯಾಪ್ಟನ್ ಕರ್ಕ್ ಹಾಕುವ ಶರ್ಟನ್ನು ನಾನೇ ಹೊಲಿಯಬೇಕು ಅಂತ. ರೆಡಿಮೇಡ್ ಸಿಗುತ್ತಲ್ಲ ಅಂದಳು ಹೆಂಡತಿ. ನಾನು ನೋಡಿದ ರೆಡಿಮೇಡಿನಲ್ಲಿ ಜಿಪ್ಪು ಬೆನ್ನಿಗಿತ್ತು. ಆಸ್ಪತ್ರೆ ಗೌನು ಹಾಕಿಕೊಂಡು ಯಾವ ಕ್ಯಾಪ್ಟನ್ನೂ ಹಡಗು ನಡೆಸಲ್ಲ.

ಮೂಲ ಶರ್ಟು ಹಾಗಿಲ್ಲ. 1966ರಲ್ಲಿ ಶುರುವಾದ ಆ ಧಾರಾವಾಹಿಗೆ ಬಟ್ಟೆ ವಿನ್ಯಾಸ ಮಾಡಿದವರು ವಿಲಿಯಂ ವೇರ್ ಥೀಸ್. ದೂರದಿಂದ ನೋಡಿದರೆ ಬರೀ ಟೀ ಶರ್ಟು. ಗುಂಡಿ ಇಲ್ಲ, ಜೇಬಿಲ್ಲ. ಭುಜದ ಮೇಲೆ ಹೊಲಿಗೆಯೂ ಇಲ್ಲ. ರ‍್ಯಾಗ್ಲನ್ ತೋಳು, ಅಂದರೆ ಕಂಕುಳಿಂದ ಕುತ್ತಿಗೆಯ ತನಕ ಓರೆಯಾಗಿ ಒಂದೇ ಹೊಲಿಗೆ. ಕಪ್ಪು ಕಾಲರು ನೋಡಿ ಒಳಗೊಂದು ಬನಿಯನ್ ಇದೆ ಅಂದುಕೊಳ್ಳುತ್ತೇವೆ, ಆದರೆ ಅದು ಶರ್ಟಿಗೇ ಸೇರಿಸಿ ಹೊಲಿದದ್ದು. ಹಾಗಾದರೆ ತಲೆ ತೂರುವುದು ಎಲ್ಲಿಂದ? ಎದೆಯ ಮೇಲೆ ಓರೆಯಾಗಿ ಬರುವ ಆ ತೋಳಿನ ಹೊಲಿಗೆಯೊಳಗೇ ಜಿಪ್ಪು ಅಡಗಿಸಿದ್ದಾರೆ! ಮುಂದಿನ ಕಾಲದ ಮನುಷ್ಯನಿಗೆ ಜಿಪ್ಪು, ಗುಂಡಿ ಎಲ್ಲ ಯಾಕೆ ಬೇಕು ಅನ್ನಿಸುವ ಹಾಗೆ ಮಾಡುವುದಕ್ಕೆ ಎಷ್ಟು ಹೊಲಿಗೆ ನೋಡಿ. ಎಳೆದರೆ ಹಿಗ್ಗುವ ಬಟ್ಟೆಗೆ ಹಿಗ್ಗದ ಜಿಪ್ಪು ಕೂರಿಸುವುದು ಎಂಥ ಕೆಲಸ ಅಂತ ಕೂರಿಸಿದವರಿಗೇ ಗೊತ್ತು. ಪೇಸ್ಟಿಂಗ್ ಪಟ್ಟಿ ಅಂಟಿಸದೆ ಹೊಲಿದರೆ ಎದೆಯ ಮೇಲೆ ಹಾವು ಮಲಗಿದ ಹಾಗೆ ಅಲೆ ಏಳುತ್ತದೆ. ನನ್ನದು ಎರಡು ಸಲ ಎದ್ದಿತು.

ಬಟ್ಟೆ ವೆಲೂರ್, ಮಖಮಲ್ಲಿನ ತಮ್ಮ. ಮೊದಲ ಎರಡು ಸೀಸನ್ ಅದರಲ್ಲೇ ಹೊಲಿಸಿದ್ದರು. ತೊಳೆದಾಗೆಲ್ಲ ಕುಗ್ಗುತ್ತಿತ್ತು ಅಂತ ಮೂರನೇ ಸೀಸನ್ನಿಗೆ ನೈಲಾನ್ ಡಬಲ್ ನಿಟ್‌ಗೆ ಬದಲಾಯಿಸಿದರು. ನಾನೂ ಸುಮ್ಮನೆ ನೈಲಾನೇ ತರಬಹುದಿತ್ತು.

ನಮ್ಮತ್ತೆ ತಿಪಟೂರಿನಲ್ಲಿ, ಮನೆಯ ಪಡಸಾಲೆಯಲ್ಲೇ ಉಷಾ ಮಷೀನು ಇಟ್ಟುಕೊಂಡು ಇಪ್ಪತ್ತಾರು ವರ್ಷ ಬ್ಲೌಸು ಹೊಲಿದವರು. ಈಗ ಆರು ತಿಂಗಳಿಗೆ ಅಂತ ನಮ್ಮ ಜೊತೆ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮಂಗಳವಾರ ರಾತ್ರಿ ನಾನು ಊಟದ ಟೇಬಲ್ಲಿನ ಮೇಲೆ ಬಟ್ಟೆ ಹರಡಿ ಕತ್ತರಿ ಹಿಡಿದಾಗ ಅವರು ಎದುರಿಗೇ ಕೂತು ಹುರುಳೀಕಾಯಿ ನಾರು ತೆಗೆಯುತ್ತಿದ್ದರು. ಬಟ್ಟೆ ಸ್ವಲ್ಪ ಸಾಲದು ಅನ್ನಿಸಿತು. ಬಲತೋಳಿನ ಪೇಪರ್ ಪ್ಯಾಟರ್ನನ್ನು ತಲೆಕೆಳಗು ತಿರುಗಿಸಿ ಇಟ್ಟೆ. ಸರಿಯಾಗಿ ಕೂತಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಅತ್ತೆಯ ಕಡೆ ನೋಡಿದೆ. ಅವರು ಹುರುಳೀಕಾಯಿ ನೋಡುತ್ತಿದ್ದರು.

ಮಾತಾಡಿದ್ದು ಒಂದೇ ಸಲ, ಮುಂಗೈಗೆ ಜರಿ ಪಟ್ಟಿ ಹೊಲಿಯುವಾಗ. ಕ್ಯಾಪ್ಟನ್ನಿಗೆ ಎರಡು ತುಂಬು ಪಟ್ಟಿ, ಮಧ್ಯೆ ಒಂದು ತುಂಡು ತುಂಡಾದದ್ದು. “ಇದು ಮದುವೆ ಬ್ಲೌಸಿಗೆ ಇಡೋ ಲೇಸಲ್ವೇ?” ಅಂದರು. ಹೌದು, ಅವರ ಡಬ್ಬಿಯಿಂದಲೇ ತೆಗೆದದ್ದು.

ಆಫೀಸಿನಲ್ಲಿ ಒಬ್ಬರಿದ್ದಾರೆ. ಕಾಫಿ ಬಿಸಿ ಇದೆ ಅಂದರೂ ತಿದ್ದುಪಡಿ ಹೇಳುವವರು. ನೋಡಿದವರೇ, “ಕರ್ಕ್ ಶರ್ಟು ಹಸಿರಲ್ಲ, ಬಂಗಾರದ ಬಣ್ಣ” ಅಂದರು. ಇದಕ್ಕೇ ಕಾದಿದ್ದೆ. ಅಸಲಿ ಬಟ್ಟೆ ಹಸಿರೇ ಸ್ವಾಮಿ, ಸ್ಟುಡಿಯೋ ದೀಪಕ್ಕೆ, ಆ ಕಾಲದ ಫಿಲ್ಮಿಗೆ ಬಂಗಾರದ ಹಾಗೆ ಕಾಣುತ್ತಿತ್ತು ಅಷ್ಟೇ. ಕೆಲವು ಕಂತುಗಳಲ್ಲಿ ಅವನೇ ಹಾಕುವ ಬೇರೆ ಬಟ್ಟೆಯ ಸುತ್ತಂಗಿ ಹಸಿರಾಗೇ ಕಾಣಲ್ಲವೇ ಅಂತ ನಾಲ್ಕು ಜನ ಸೇರುವಷ್ಟು ಜೋರಾಗಿ ಪಾಠ ಮಾಡಿದೆ. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ, ಪಕ್ಕದ ಮನೆಯ ಕಪ್ಪು-ಬಿಳುಪು ಟಿವಿಯಲ್ಲಿ ನೋಡಿದ ನನಗೆ ಆ ಶರ್ಟು ಮೊದಲು ಬೂದು ಬಣ್ಣವಾಗಿತ್ತು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, “ಸರಿ, ಆದರೆ ಬಲತೋಳು ಯಾಕೆ ಬೇರೆ ಹಸಿರು?” ಅಂದರು.

ನೋಡಿದೆ. ನಿಜ. ಮೈ ಎಳೆ ಹಸಿರು, ಎಡತೋಳು ಎಳೆ ಹಸಿರು, ಬಲತೋಳು ಒದ್ದೆಯಾದ ಹಾಗೆ ಗಾಢ. ವೆಲೂರಿಗೆ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ, ಬೆಕ್ಕಿನ ಮೈ ಹಾಗೆ. ತಲೆಕೆಳಗು ಕತ್ತರಿಸಿದರೆ ಬೆಳಕು ಬೇರೆ ಥರ ಬೀಳುತ್ತದೆ, ಒಂದೇ ಬಟ್ಟೆ ಎರಡು ಬಣ್ಣವಾಗುತ್ತದೆ. ರಾತ್ರಿ ಅಡುಗೆಮನೆಯ ದೀಪದಲ್ಲಿ ಕಂಡಿರಲಿಲ್ಲ. ಅಲ್ಲಿ, ಕಿಟಕಿ ಪಕ್ಕ, ನಾಲ್ಕು ಜನರ ಮುಂದೆ ಕಂಡಿತು.

ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ನಕ್ಕಳು, ಆ ವಿಷಯ ಬಿಡಿ. ಸೋಫಾದಿಂದ ಅತ್ತೆ ತಲೆ ಎತ್ತದೆ, “ಮಂಗಳವಾರವೇ ನೋಡಿದೆ” ಅಂದರು.

“ಮತ್ತೆ ಹೇಳಬಾರದಿತ್ತೇ ಅತ್ತೆ?”

“ಅಳಿಯಂದ್ರು ಕತ್ತರಿ ಹಿಡಿದಿರುವಾಗ ಹೇಗೆ ಹೇಳೋದು?”

ಇದಕ್ಕೆ ಏನು ಉತ್ತರ ಕೊಡಬೇಕು? ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೈಯಿಂದ ಕತ್ತರಿ ಕಿತ್ತುಕೊಳ್ಳುತ್ತಿದ್ದರು. ಮಗಳಿಗಂತೂ ದಿನಕ್ಕೆ ಹತ್ತು ಸಲ ಕಿತ್ತುಕೊಳ್ಳುತ್ತಾರೆ. ಎರಡು ಗಜ ಮಖಮಲ್ಲು ಹಾಳಾಗುವುದನ್ನು ನೋಡುತ್ತಾ ಹುರುಳೀಕಾಯಿ ಬಿಡಿಸುವುದು, ಇಪ್ಪತ್ತಾರು ವರ್ಷ ಹೊಲಿದ ಕೈಗೆ ಎಷ್ಟು ಕಷ್ಟವಾಗಿರಬೇಡ? ಆಮೇಲೆ ಹಳೆಯದೆಲ್ಲ ಒಂದೊಂದೇ ನೆನಪಾಗತೊಡಗಿತು. ನಾನು ಮಾಡಿದ ಬಿಸಿಬೇಳೆಬಾತು ‘ಚೆನ್ನಾಗಿದೆ’ ಅಂದದ್ದು. ಹದಿನೆಂಟು ವರ್ಷದ ಹಿಂದೆ ಬೆಂಗಳೂರಿನ ಮನೆ ಮಾರಿ ಬರುತ್ತೇವೆ ಅಂದಾಗ ‘ನಿಮಗೆ ತಿಳಿದ ಹಾಗೆ ಮಾಡಿ’ ಅಂದದ್ದು. ಅವತ್ತೂ ಕೈಯಲ್ಲಿ ಏನೋ ತರಕಾರಿ ಇತ್ತು. ಅದನ್ನು ಒಪ್ಪಿಗೆ ಅಂದುಕೊಂಡಿದ್ದೆ.

ಅವರೇ ಸೀರೆ ಅಂಗಡಿಗೆ ಹೋದರೆ ಬೇರೆ ಮನುಷ್ಯೆ. ಟ್ಯೂಬ್‌ಲೈಟ್ ಕೆಳಗೆ ಅಂಗಡಿಯವನು ಏನೇ ಬಣ್ಣ ಹೇಳಲಿ, ಸೀರೆ ಹೊತ್ತುಕೊಂಡು ಸೀದಾ ಬಾಗಿಲಿಗೆ. ಬಿಸಿಲಲ್ಲಿ ಸೆರಗು ತಿರುಗಿಸಿ ನೋಡಿ, “ಇದು ರಾಮಾ ಗ್ರೀನ್ ಅಲ್ಲ, ಒಳಗಿಡಪ್ಪ” ಅಂತ ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಾರೆ. ಅಂಗಡಿಯವನಿಗೆ ಸಿಗುವ ಸತ್ಯ ನನಗೆ ಸಿಗಲಿಲ್ಲ. ಅವನೇನು ಅಳಿಯನೇ?

ಹಬ್ಬ ಮುಗಿದರೂ ಶರ್ಟು ಬಿಡಲು ಮನಸ್ಸಾಗಲಿಲ್ಲ. ನಿನ್ನೆ ಬ್ಲೇಡು ಹಿಡಿದು ಬಲತೋಳು ಬಿಚ್ಚಿದೆ. ಅದೇ ಅಂಗಡಿಯಿಂದ ಅರ್ಧ ಗಜ ಅದೇ ಬಟ್ಟೆ ತಂದೆ. ರೋಮ ಸವರಿ ದಿಕ್ಕು ನೋಡಿ, ಬಾಣದ ಗುರುತು ಹಾಕಿ, ಪ್ಯಾಟರ್ನ್ ಇಟ್ಟೆ. ಈ ಸಲ ಕತ್ತರಿಯನ್ನು ಟೇಬಲ್ಲಿನ ಮೇಲೇ ಬಿಟ್ಟು, ಕೈ ಕಟ್ಟಿಕೊಂಡು ಕೂತೆ. ಅತ್ತೆ ಎರಡು ಸಲ ಆ ಕಡೆಯಿಂದ ಈ ಕಡೆ ಓಡಾಡಿದರು. ನೀರು ಕುಡಿದರು. ಆಮೇಲೆ ಬಟ್ಟೆಯನ್ನೂ ಶರ್ಟನ್ನೂ ಒಟ್ಟಿಗೆ ಎತ್ತಿಕೊಂಡು, ಹಿತ್ತಲ ಬಾಗಿಲು ತೆಗೆದು, ಬಿಸಿಲಲ್ಲಿ ಹಿಡಿದರು.

“ಇದು ಆ ಥಾನಿನದ್ದಲ್ಲ ಕಣ್ರೀ. ಕತ್ತರಿಸಬೇಡಿ.”